ಅಷ್ಟಾವಕ್ರನ ಅಪ್ಪ

ಸೆರೆಬ್ರಲ್ ಪಾಲ್ಸಿ ಇರುವ ನನ್ನ ಮಗಳನ್ನು ನೋಡಿದವರು ‘ಪೂರ್ವಜನ್ಮದ್ದು’ ಅಂದುಬಿಡುತ್ತಾರೆ. ನನಗೆ ಅಷ್ಟಾವಕ್ರ ನೆನಪಾಗುತ್ತಾನೆ. ಮಹಾಭಾರತದ ವನಪರ್ವದಲ್ಲಿ ಅವನ ಮೈಯ ಎಂಟು ಡೊಂಕಿಗೆ ಕಾರಣ ಶಿಶುವಿನ ಕರ್ಮವಲ್ಲ; ತನ್ನ ವೇದಪಾಠದ ತಪ್ಪನ್ನು ಗರ್ಭದಿಂದಲೇ ತೋರಿಸಿದ್ದಕ್ಕೆ ತಂದೆ ಕಹೋಡ ಕೊಟ್ಟ ಶಾಪ. ಅಪ್ಪನ ಸಿಟ್ಟು, ಮಗುವಿನ ಮೈಮೇಲೆ! ಪಾಲಕರ ತರಬೇತಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇದ್ದೀತೆ?

ಕರ್ಮ ನಿಜವೇ ಇರಲಿ, ದಿನಾ ತುತ್ತು ಉಣಿಸುವ ಕೈಗೆ ಆ ವಿವರಣೆಯಿಂದ ಏನೂ ದಕ್ಕುವುದಿಲ್ಲ. ಪಾಲಕರ ತರಬೇತಿ ಶಿಬಿರವೊಂದರಲ್ಲಿ, ಮಾತಾಡದೆ ಕಣ್ಣಲ್ಲೇ ‘ಬೇಡ’ ಅನ್ನುವ ಮಗಳ ಹಟ ನಿಭಾಯಿಸುವುದು ಹೇಗೆಂದು ಕೇಳಿದೆ. ತಜ್ಞರನ್ನು ಕಾಣಿ ಅಂದರು. ಹಟಕ್ಕೂ ತಜ್ಞರೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸಿದೆ. ಅಂಥ ವೈಕಲ್ಯವಿರುವ ಮಕ್ಕಳ ಪಾಲಕರಿಗೆ ಶಿಬಿರದಲ್ಲಿ ಬೇರೆ ಚಾಪೆ ಹಾಸಬೇಕಿಲ್ಲ. ಮಾತಿನ ಬದಲು ತೋರಿಸಿ ಹೇಳುವ ಚಿತ್ರದ ಹಲಗೆ ಇಟ್ಟು ಕಲಿಸಿದರೆ, ಮಾತಾಡುವ ಮಕ್ಕಳಿಗೂ ನಷ್ಟವೇನಿಲ್ಲ.