ಕಥಾಯೋಗ

ಬೂರುಗದ ಮರಗಳು ಎಲೆಯುದುರಿಸಿ ಕೆಂಪು ಹೂಗಳನ್ನು ಹೊತ್ತು ನಿಂತಿದ್ದ ಫೆಬ್ರುವರಿ ಕೊನೆಯ ಒಂದು ಬೆಳಗ್ಗೆ, ದೆಹಲಿಯ ಚಾಣಕ್ಯಪುರಿಯಲ್ಲಿ ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಲ್ಲಿ ಉಪಾಹಾರ ಮುಗಿಸಿ, ನಾವು ನಾಲ್ವರು ನೆಹರು ಉದ್ಯಾನದ ಕಡೆಗೆ ಹೊರಟೆವು. ಒಬ್ಬರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯ ತರುವಾಯವೂ ಇಲ್ಲಿಯೇ ನೆಲೆನಿಂತ ರಾಯರು. ಇನ್ನೊಬ್ಬನು ಬ್ಯಾಡಗಿಯ ತರುಣ, ಮೂರು ದಿನಗಳಲ್ಲಿ ಶಹಜಹಾನ್ ರಸ್ತೆಯ ಧೋಲ್‌ಪುರ ಹೌಸಿನಲ್ಲಿ ಕೇಂದ್ರ ಲೋಕಸೇವಾ ಆಯೋಗದ ಮಂಡಲಿಯೆದುರು ಕುಳಿತುಕೊಳ್ಳಬೇಕಾದವನು. ಮತ್ತೊಬ್ಬಳು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ, ಆರ್.ಕೆ. ಪುರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಗುರುಗ್ರಾಮದ ಕಂಪನಿಗಳಿಗೆ ಅರ್ಜಿ ಹಾಕುತ್ತಿರುವ ತರುಣಿ. ಮಾತು ಅವರದು, ಕೇಳಿದವನು ನಾನು.

ತರುಣ: ರಾಯರೆ, ಒಂದು ತಿಂಗಳಿಂದ ಮಾಕ್ ಇಂಟರ್‌ವ್ಯೂ ಕೊಡುತ್ತಿದ್ದೇನೆ. ಹೇಗೆ ಕೂರಬೇಕು, ಎಷ್ಟು ನಗಬೇಕು, ಯಾವ ಪ್ರಶ್ನೆಗೆ ಯಾವ ಉತ್ತರ, ಎಲ್ಲವನ್ನೂ ಕಲಿಸಿದ್ದಾರೆ. ಆದರೆ ಆಯೋಗವು ಇದನ್ನು ವ್ಯಕ್ತಿತ್ವ ಪರೀಕ್ಷೆಯೆಂದು ಕರೆಯುತ್ತದೆ. ವ್ಯಕ್ತಿತ್ವವು ನನ್ನದಾಗಿದ್ದರೆ ಅದಕ್ಕೆ ತಯಾರಿ ಏತಕ್ಕೆ? ತಯಾರಿಯಿಂದ ಬಂದುದಾದರೆ ಅದು ನನ್ನದು ಹೇಗಾದೀತು? ರಾತ್ರಿ ಮಲಗಿದಾಗ, ಯಾರದೋ ಅಂಗಿಯನ್ನು ತೊಟ್ಟು ಮದುವೆಗೆ ಹೊರಟವನಂತೆ ನಾಚಿಕೆಯಾಗುತ್ತದೆ.

ರಾಯರು: ನಾಚಿಕೆಯಾಗುವುದು ಒಳ್ಳೆಯ ಲಕ್ಷಣ ತಮ್ಮಾ. ಈ ಬಡಾವಣೆಗೆ ಯಾರ ಹೆಸರಿದೆಯೋ ಆತನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣಕ್ಕೆ ವಿನಯಾಧಿಕಾರಿಕವೆಂದು ಹೆಸರು. ಮುಂದೆ ಉದ್ಯಾನದ ಬಳಿ ಸಿಕ್ಕುವ ರಸ್ತೆಯೂ ವಿನಯ ಮಾರ್ಗವೇ. ನಾವು ವಿನಯವೆಂದರೆ ಕೈಕಟ್ಟಿ ನಿಲ್ಲುವುದೆಂದು ತಿಳಿದಿದ್ದೇವೆ; ಕೌಟಿಲ್ಯನಲ್ಲಿ ಆ ಮಾತಿಗೆ ಶಿಕ್ಷಣ, ಹದಗೊಳಿಸುವಿಕೆ ಎಂದು ಅರ್ಥ. ಅದರಲ್ಲಿ ಸ್ವಾಭಾವಿಕವೆಂದೂ ಕೃತಕವೆಂದೂ ಎರಡು ಬಗೆಯನ್ನು ಆತನು ಹೇಳುತ್ತಾನೆ, ಮತ್ತು ಕೃತಕವೆಂಬುದಕ್ಕೆ ಅಲ್ಲಿ ಸುಳ್ಳೆಂಬ ಅರ್ಥವಿಲ್ಲ, ಅಭ್ಯಾಸದಿಂದ ಸಾಧಿಸಿಕೊಂಡುದು ಎಂದಷ್ಟೆ. ನಿನ್ನ ಕೈಬರಹ ನಿನ್ನದೇ ತಾನೆ? ಒಂದನೆಯ ತರಗತಿಯಲ್ಲಿ ಮಾಸ್ತರರು ಕೈಹಿಡಿದು ತಿದ್ದಿಸಿದರೆಂದು ಅದು ಅವರದಾಗಲಿಲ್ಲ.

ತರುಣಿ: ಆದರೆ ಅದೇ ಪ್ರಕರಣದಲ್ಲಿ, ಶಿಕ್ಷಣವು ಯೋಗ್ಯವಾದ ದ್ರವ್ಯವನ್ನಷ್ಟೇ ತಿದ್ದಬಲ್ಲದೆಂದೂ ಆತನು ಹೇಳಿದ್ದಾನೆಂದು ಓದಿದ್ದೇನೆ. ಯಾರು ದ್ರವ್ಯ, ಯಾರು ಅಲ್ಲ ಎಂಬುದನ್ನು ನಿರ್ಣಯಿಸುವವರು ಯಾರು? ಮೇಜಿನ ಆ ಕಡೆ ಕುಳಿತವರೆ?

ರಾಯರು: ಆ ಯೋಗ್ಯತೆಯ ಲಕ್ಷಣಗಳನ್ನು ಆತನು ಎಣಿಸುತ್ತಾನಮ್ಮಾ, ಮತ್ತು ಎಣಿಕೆಯಲ್ಲಿ ಮೊದಲು ಬರುವುದು ಶುಶ್ರೂಷೆ. ಇಂದು ನಾವು ರೋಗಿಯ ಪಕ್ಕದಲ್ಲಿ ಕುಳಿತು ಮಾಡುವ ಸೇವೆಗೆ ಆ ಮಾತನ್ನು ಮೀಸಲಿಟ್ಟಿದ್ದೇವೆ; ಧಾತುವನ್ನು ನೋಡಿದರೆ ಅದು ಕೇಳಬೇಕೆಂಬ ಇಚ್ಛೆ. ಆಮೇಲೆ ಶ್ರವಣ, ಗ್ರಹಣ, ಧಾರಣ; ಊಹೆಯೂ, ಸಲ್ಲದುದನ್ನು ತಳ್ಳಿಹಾಕುವ ಅಪೋಹವೂ ಇನ್ನೂ ಆಚೆಗೆ. ಮಾತನಾಡುವ ಸಾಮರ್ಥ್ಯವು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ನಿನ್ನ ಮಾಕ್ ಇಂಟರ್‌ವ್ಯೂಗಳಲ್ಲಿ, ತಮ್ಮಾ, ಪ್ರಶ್ನೆ ಮುಗಿಯುವ ಮೊದಲೇ ನೀನು ಉತ್ತರವನ್ನು ಆರಂಭಿಸಿದ್ದು ಎಷ್ಟು ಸಲ?

ತರುಣ: ಬಹಳ ಸಲ. ಮೊದಲ ನಾಲ್ಕು ಪದ ಕಿವಿಗೆ ಬಿದ್ದೊಡನೆ ಬಾಯಿಪಾಠ ಮಾಡಿದುದು ತಾನಾಗಿಯೇ ಹೊರಗೆ ಬರುತ್ತದೆ.

ರಾಯರು: ಅಲ್ಲಿಗೆ ನಿನ್ನ ಅಂಗಿಯ ರಹಸ್ಯ ತಿಳಿಯಿತು. ಅವರು ಕೇಳದ ಪ್ರಶ್ನೆಗೆ ನೀನು ಉತ್ತರಿಸುತ್ತಿದ್ದೀಯೆ. ಮೇನ್ಸನ್ನು ಕನ್ನಡದಲ್ಲಿ ಬರೆದವನು, ಸಂದರ್ಶನವನ್ನೂ ಕನ್ನಡದಲ್ಲಿಯೇ ಕೊಡಲಿರುವೆ. ನಡುವೆ ದುಭಾಷಿ ಇರುತ್ತಾನೆ. ಅದನ್ನು ಕೊರತೆಯೆಂದು ಎಣಿಸಬೇಡ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿ ಆತನಿಗೆ ಅವಕಾಶ ಕೊಡು. ಆತನು ಹೇಳುತ್ತಿರುವಷ್ಟು ಹೊತ್ತು, ಮುಂದೇನು ಹೇಳಬೇಕೆಂದು ತಡಕಾಡುವ ಬದಲು, ಕೇಳಿದವರ ಮುಖವನ್ನು ನೋಡು. ಉಡುಪು, ಪಾದರಕ್ಷೆಗಳ ಬಗೆಗೆ ನಾನು ಹೇಳುವುದೇನೂ ಇಲ್ಲ, ಶುಭ್ರವಾಗಿದ್ದರೆ ಸಾಕು.

ಉದ್ಯಾನದ ಒಳಗೆ ಬಂದಿದ್ದೆವು. ಆ ಹುಡುಗಿ ಬಹಳ ಹೊತ್ತಿನಿಂದ ತಡೆದುಕೊಂಡಿದ್ದ ಮಾತನ್ನು ಆಡುವವಳಂತೆ ನಿಂತಳು. ಅವಳ ಆಕ್ಷೇಪಣೆಯೇ ಆ ದಿನದ ಸಂವಾದದಲ್ಲಿ ತಿರುಳಾದುದೆಂದು ನನಗೆ ಈಗಲೂ ತೋರುತ್ತದೆ.

ತರುಣಿ: ಊಟಕ್ಕೆ ಕುಳಿತಾಗ ಅಪ್ಪ ಮಕ್ಕಳ ಅಭಿಪ್ರಾಯವನ್ನು ಕೇಳುವ ಮನೆಗಳಿವೆ, ರಾಯರೆ; ಅಂತಹ ಮನೆಯ ಮಗುವಿಗೆ ಅಪರಿಚಿತರ ಮುಂದೆ ಮಾತನಾಡುವುದು ಹತ್ತನೆಯ ವರ್ಷಕ್ಕೇ ಸಿದ್ಧಿಸಿರುತ್ತದೆ. ದೊಡ್ಡವರ ಮುಂದೆ ಬಾಯಿ ತೆರೆಯಬಾರದೆಂದು ಬೆಳೆಸಿದ ಮನೆಯಿಂದ ಬಂದ ನಾನು, ಅರ್ಧ ಗಂಟೆಯಲ್ಲಿ ಆ ಮಗುವಿನೊಡನೆ ತೂಗಿಸಿಕೊಳ್ಳಬೇಕು. ಇದು ನನ್ನ ಪರೀಕ್ಷೆಯೋ, ನನ್ನ ಮನೆಯ ಪರೀಕ್ಷೆಯೋ?

ರಾಯರು: ನಿನ್ನ ಮನೆಯ ಪರೀಕ್ಷೆಯೂ ಅದರಲ್ಲಿ ಸೇರಿದೆ, ನಾನು ಅಲ್ಲಗಳೆಯಲಾರೆ. ಕೌಟಿಲ್ಯನಿಗೆ ಈ ಸಂಗತಿ ಅರ್ಧವಾದರೂ ತಿಳಿದಿತ್ತು. ಮಂತ್ರಿಯ ಗುಣಗಳನ್ನು ಹೇಳಿದ ತರುವಾಯ ಯಾವ ಗುಣವನ್ನು ಯಾವ ದ್ವಾರದಿಂದ ತಿಳಿಯಬೇಕೆಂದು ಆತನು ವಿಂಗಡಿಸುತ್ತಾನೆ. ಶಾಸ್ತ್ರಜ್ಞಾನವನ್ನು ಅದೇ ವಿದ್ಯೆಯನ್ನು ಬಲ್ಲವರಿಂದ, ಬುದ್ಧಿ, ಧಾರಣಶಕ್ತಿ, ದಕ್ಷತೆಗಳನ್ನು ಕೆಲಸಕ್ಕೆ ಹಚ್ಚಿ, ಉತ್ಸಾಹವನ್ನೂ ಕ್ಲೇಶಸಹಿಷ್ಣುತೆಯನ್ನೂ ಆಪತ್ತಿನಲ್ಲಿ, ಶುಚಿತ್ವವನ್ನು ವ್ಯವಹಾರದಲ್ಲಿ, ಶೀಲ, ಆರೋಗ್ಯ, ಸತ್ತ್ವಗಳನ್ನು ಜೊತೆಯಲ್ಲಿ ವಾಸಮಾಡಿದವರಿಂದ. ಮಾತುಕತೆಗೆ, ಆತನು ಕಥಾಯೋಗವೆನ್ನುವುದಕ್ಕೆ, ಬಿಟ್ಟಿರುವುದು ಮೂರನ್ನು ಮಾತ್ರ: ವಾಗ್ಮಿತೆ, ಪ್ರಾಗಲ್ಭ್ಯ, ಸಮಯಸ್ಫೂರ್ತಿ. ಮೇಜಿನ ಆ ಕಡೆ ಕುಳಿತವರಿಗೆ ಕಾಣುವುದು ಅಷ್ಟೆ. ನಿನ್ನ ಪ್ರಾಮಾಣಿಕತೆಯನ್ನು ಅರ್ಧ ಗಂಟೆಯಲ್ಲಿ ಅಳೆದೆವೆಂದು ಅವರು ತಿಳಿದರೆ ಅದು ಅವರ ಭ್ರಮೆ. ಅಳೆಸಿಕೊಂಡು ಸೋತೆನೆಂದು ನೀನು ತಿಳಿದರೆ ಅದು ನಿನ್ನ ಭ್ರಮೆ, ಮತ್ತು ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಹಾನಿಕರ.

ತರುಣ: ಆದಕಾರಣವೇ ಏನೋ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕೆ 275 ಮಾತ್ರ; ಲಿಖಿತ ಪರೀಕ್ಷೆಗೆ 1750. ಅದರಲ್ಲಿ ನಮಗೆಷ್ಟು ಬಂದಿದೆಯೆಂಬುದು ಮಂಡಲಿಗೆ ಗೊತ್ತಿರುವುದೂ ಇಲ್ಲ.

ರಾಯರು: ಹೌದು. 1981ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಲೇಜು ಪ್ರವೇಶದ ಒಂದು ಮೊಕದ್ದಮೆಯಲ್ಲಿ, ಮೌಖಿಕ ಪರೀಕ್ಷೆಗೆ ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ಇಟ್ಟಿದ್ದು ಸ್ವೇಚ್ಛಾಚಾರಕ್ಕೆ ಎಡೆಗೊಡುವುದೆಂದು ತೀರ್ಮಾನಿಸಿತು. 2016ರ ಜನವರಿಯಿಂದ ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟರು. ಅಲ್ಲಿ ಶಿಫಾರಸು ನುಸುಳುವುದಕ್ಕೆ ಅದೇ ಕಿಂಡಿಯಾಗಿತ್ತು.

ತರುಣಿ: ಗುರುಗ್ರಾಮದಲ್ಲಿ ಅಂತಹ ಮಿತಿಯಿಲ್ಲ. ಅಲ್ಲಿ ಮಾತುಕತೆಯೇ ಎಲ್ಲವೂ, ಅದಕ್ಕೂ ಕರೆ ಬಂದರೆ ತಾನೆ? ದಿನಕ್ಕೆ ಇಪ್ಪತ್ತು ಮೂವತ್ತು ರೆಸ್ಯೂಮೆ ಕಳುಹಿಸುತ್ತೇನೆ. ಕರೆದವರೂ ಅನುಭವವೆಷ್ಟೆಂದು ಕೇಳುತ್ತಾರೆ. ಫ್ರೆಷರಿಗೆ ಅನುಭವ ಎಲ್ಲಿಂದ ಬರಬೇಕು?

ರಾಯರು: ಈ ಜಗಳವೂ ಹಳೆಯದೇ. ಅಮಾತ್ಯರನ್ನು ಯಾರಲ್ಲಿ ಹುಡುಕಬೇಕೆಂದು ಕೌಟಿಲ್ಯನು ಹಿಂದಿನ ಆಚಾರ್ಯರ ಮತಗಳನ್ನು ಸಾಲಾಗಿ ನಿಲ್ಲಿಸುತ್ತಾನೆ. ಸಹಪಾಠಿಗಳನ್ನು ನೇಮಿಸಲಿ, ಅವರ ಶುಚಿತ್ವವೂ ಸಾಮರ್ಥ್ಯವೂ ಕಂಡದ್ದೇ ಎನ್ನುತ್ತಾನೆ ಭಾರದ್ವಾಜ; ಜೊತೆಯಲ್ಲಿ ಆಡಿದವರು ಅರಸನನ್ನು ಲೆಕ್ಕಿಸಲಾರರು ಎನ್ನುತ್ತಾನೆ ವಿಶಾಲಾಕ್ಷ. ನೀತಿಯನ್ನು ಬಲ್ಲ ಹೊಸಬರನ್ನೇ ತೆಗೆದುಕೊಳ್ಳಲಿ ಎಂದು ವಾತವ್ಯಾಧಿ ವಾದಿಸಿದರೆ, ಶಾಸ್ತ್ರವನ್ನು ಓದಿ ಕೆಲಸವನ್ನು ಕಾಣದವನು ಕೆಲಸದಲ್ಲಿ ಮುಗ್ಗರಿಸುತ್ತಾನೆಂದು ಬಾಹುದಂತೀಪುತ್ರನು ಖಂಡಿಸುತ್ತಾನೆ. ನಿನ್ನನ್ನು ಹಿಂದಕ್ಕೆ ಕಳುಹಿಸಿದ ಎಚ್.ಆರ್. ಆ ಬಾಹುದಂತೀಪುತ್ರನ ಶಿಷ್ಯನೇ. ಕೌಟಿಲ್ಯನು ಎಲ್ಲರದೂ ಸರಿಯೆಂದು ಒಪ್ಪಿ, ಮನುಷ್ಯನ ಸಾಮರ್ಥ್ಯವನ್ನು ಆತನು ಮಾಡಬಲ್ಲ ಕೆಲಸದಿಂದ ನಿರ್ಣಯಿಸಬೇಕೆಂದು ಮುಗಿಸುತ್ತಾನೆ.

ತರುಣಿ: ಕೆಲಸ ಕೊಡದಿದ್ದರೆ ಮಾಡಿ ತೋರಿಸುವುದು ಹೇಗೆ?

ರಾಯರು: ಸಂಬಳ ಕೊಡುವವರು ಸಿಗುವವರೆಗೆ ಕೆಲಸವು ಕಾಯಬೇಕಾಗಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟನ್ನು ಕೊಟ್ಟರು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಕಣ್ಮರೆಯಾಗಿದ್ದ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿದರು. ಲೋಕವು ಅವರನ್ನು ಯಾವ ಸಂದರ್ಶನದಿಂದಲೂ ಅರಿಯಲಿಲ್ಲ. ಆ ಪುಸ್ತಕವನ್ನು ಕಂಡು ಅರಿಯಿತು. ನೀನು ಕಾಲೇಜಿನ ಕೊನೆಯ ವರ್ಷದಲ್ಲಿ ಏನನ್ನಾದರೂ ಕಟ್ಟಿದ್ದೀಯಾ?

ತರುಣಿ: ನಮ್ಮ ಓಣಿಗೆ ನೀರು ಬಿಡುವ ಹೊತ್ತು ಯಾರಿಗೂ ತಿಳಿಯುತ್ತಿರಲಿಲ್ಲ. ನೀರು ಬಂದ ಕೂಡಲೇ ಫೋನಿಗೆ ಸುದ್ದಿ ಹೋಗುವಂತೆ ಒಂದು ಸಣ್ಣ ಸಾಧನವನ್ನು ಮಾಡಿದ್ದೆ. ಅಕ್ಕಪಕ್ಕದ ಏಳೆಂಟು ಮನೆಯವರು ಈಗಲೂ ಬಳಸುತ್ತಾರೆ.

ರಾಯರು: ರೆಸ್ಯೂಮೆಯಲ್ಲಿ ಅದು ಎಲ್ಲಿದೆ?

ತರುಣಿ: ಇಲ್ಲ. ಅದು ಮನೆಯ ಕೆಲಸವೆಂದು ಬರೆಯಲಿಲ್ಲ.

ರಾಯರು: ಏಳೆಂಟು ಮನೆಯವರು ನಿನ್ನ ಸಂವಾಸಿಗಳು, ಕೌಟಿಲ್ಯನು ಹೇಳಿದ ಜೊತೆಯಲ್ಲಿ ವಾಸಮಾಡಿದವರು, ನಿನ್ನ ಕೆಲಸಕ್ಕೆ ಸಾಕ್ಷಿಗಳು. ನಾಳೆಯಿಂದ ಮೂವತ್ತು ಬೇಡ. ಇಂತಹ ಸಾಧನಗಳ ಕೆಲಸವನ್ನೇ ಮಾಡುವ ಎರಡು ಕಂಪನಿಗಳನ್ನು ಹುಡುಕು, ಅವರು ಏನು ಮಾಡುತ್ತಾರೆಂದು ಓದು, ಇದನ್ನು ಮೊದಲ ಸಾಲಿನಲ್ಲಿ ಬರೆದು ಕಳುಹಿಸು. ನಿಮ್ಮ ಚಿಕ್ಕಮ್ಮನೊಡನೆ ಕರ್ನಾಟಕ ಸಂಘಕ್ಕೂ ಹೋಗಿ ಬಾ. ಅಂತಹ ಕಂಪನಿಗಳಲ್ಲಿ ಕೆಲಸ ಮಾಡುವವರು ಯಾರಾದರೂ ಸಿಕ್ಕಿದರೆ ಶಿಫಾರಸನ್ನು ಕೇಳಬೇಡ, ಅಲ್ಲಿಯ ಕೆಲಸ ಹೇಗಿರುತ್ತದೆಂದು ಕೇಳು. ತಮ್ಮಾ, ಆಯೋಗಕ್ಕೆ ಕೊಟ್ಟ ಅರ್ಜಿಯಲ್ಲಿ ಹವ್ಯಾಸವೆಂದು ನೀನೇನು ಬರೆದೆ?

ತರುಣ: ಪುಸ್ತಕಗಳ ಓದು ಎಂದು. (ಸ್ವಲ್ಪ ತಡೆದು) ಕೋಚಿಂಗಿನವರು ಹೇಳಿದರು.

ತರುಣಿ: ನಿಮ್ಮ ಅಪ್ಪ ಏನು ಮಾಡುತ್ತಾರೆ?

ತರುಣ: ಬ್ಯಾಡಗಿ ಎ.ಪಿ.ಎಂ.ಸಿ.ಯಲ್ಲಿ ಹಮಾಲರು. ಸುಗ್ಗಿಯಲ್ಲಿ ನಾನೂ ಅವರ ಜೊತೆ ಹೋಗುತ್ತಿದ್ದೆ. ನಮ್ಮ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದರ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಅಪ್ಪ ಚೀಲದೊಳಕ್ಕೆ ಕೈಹಾಕಿ ಹಿಡಿಯಲ್ಲಿ ಅದುಮಿದರೆ ಸಾಕು, ತೂಕಕ್ಕೆಂದು ನೀರು ಹೊಡೆದಿದ್ದಾರೋ ಇಲ್ಲವೋ ಹೇಳಿಬಿಡುತ್ತಾರೆ. ಬಿಸಿಲಿಗೂ ಬೇಸಗೆಗೂ ಬಣ್ಣ ಇಳಿದುಹೋಗುತ್ತದೆ. ಬೆಲೆಯೆಲ್ಲ ಬಣ್ಣದ ಮೇಲೆ, ಅದಕ್ಕೇ ಊರಿನ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿವೆ. ಅಲ್ಲಿ ದಾಸ್ತಾನಿಡುವ ಶಕ್ತಿ ಇದ್ದವನು ಬೆಲೆಗೆ ಕಾಯಬಲ್ಲ, ಇಲ್ಲದ ರೈತ ಬಂದ ಬೆಲೆಗೆ ಕೊಟ್ಟು ಹೋಗುತ್ತಾನೆ.

ಆ ಮಾತನ್ನು ಹೇಳುವಾಗ ಅವನು ಕೈಯಲ್ಲಿ ಚೀಲದ ಬಾಯಿಯನ್ನು ಹಿಡಿದವನಂತೆ ಬೆರಳುಗಳನ್ನು ಮಡಚಿಕೊಂಡಿದ್ದನು. ಉದ್ಯಾನದ ಇನ್ನೊಂದು ಬಾಗಿಲನ್ನು ದಾಟಿ ವಿನಯ ಮಾರ್ಗಕ್ಕೆ ಬಂದುದು ಅವನ ಗಮನಕ್ಕೆ ಬಂದಿರಲಿಲ್ಲ.

ತರುಣಿ: ಒಂದು ಚೀಲಕ್ಕೆ ಹಮಾಲಿ ಎಷ್ಟು? ಅದನ್ನು ಗೊತ್ತುಮಾಡುವವರು ಯಾರು?

ತರುಣ: (ಬಹಳ ಹೊತ್ತು ಸುಮ್ಮನಿದ್ದು) ಗೊತ್ತಿಲ್ಲ. ಇಷ್ಟು ವರ್ಷ ಅದೇ ದುಡ್ಡಿನಲ್ಲಿ ಓದಿದೆ, ಕೇಳಲಿಲ್ಲ.

ರಾಯರು ಏನನ್ನೂ ಹೇಳಲಿಲ್ಲ. ಅವನು ರಸ್ತೆಯ ಬದಿಗೆ ಸರಿದು, ಜೇಬಿನಿಂದ ಫೋನನ್ನು ತೆಗೆದು, ಇಷ್ಟು ಹೊತ್ತಿಗೆ ಅಪ್ಪ ಮಾರುಕಟ್ಟೆಯ ಅಂಗಳಕ್ಕೆ ಬಂದಿರುತ್ತಾರೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ನಂಬರನ್ನು ಒತ್ತಿದನು.