ಮಗುವಿನ ಪ್ರಶ್ನೆಗೆ ಬಾಗಿಲು ಮುಚ್ಚಬೇಡಿ

ವಾಕ್ಯಭಾಗ: ಲೂಕ 2:41-52

 

ಪ್ರಿಯರೇ, ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಏನು ಮಾಡ್ತಿದ್ದರು? ಬೋಧಕರ ನಡುವೆ ಕೂತು ಕೇಳಿಸಿಕೊಳ್ತಿದ್ದರು, ಪ್ರಶ್ನೆ ಮಾಡ್ತಿದ್ದರು. ಈ ಅಧ್ಯಾಯದ ಕೊನೇ ವಚನ ನೋಡಿ. ಯೇಸು ಜ್ಞಾನದಲ್ಲಿ ಬೆಳೆದರು ಅಂತ ಲೂಕನು ಬರೆದಿದ್ದಾನೆ. ದೇವಕುಮಾರನೇ ಹಂತ ಹಂತವಾಗಿ ಬೆಳೆದ ಮೇಲೆ, ನಮ್ಮ ಮಗು ಒಂದೇ ದಿನಕ್ಕೆ ದೊಡ್ಡವರ ಹಾಗೆ ಯೋಚನೆ ಮಾಡಬೇಕು ಅಂತ ನಾವು ಯಾಕೆ ಹಠ ಹಿಡೀತೀವಿ?

ನಮ್ಮ ರಾಮನಗರ, ಕನಕಪುರ, ಮಾಗಡಿ ಕಡೆ ರೇಷ್ಮೆ ಸಾಕುವವರನ್ನ ಕೇಳಿ. ಚಾಕಿ ಹುಳುವಿಗೆ ಎಳೇ ಸೊಪ್ಪನ್ನ ಸಣ್ಣಗೆ ಹೆಚ್ಚಿ ಹಾಕ್ತಾರೆ. ಬಲಿತ ಎಲೆ ಹಾಕಿದ್ರೆ ಅದಕ್ಕೆ ತಿನ್ನೋಕೆ ಆಗಲ್ಲ. ಗೂಡು ಕಟ್ಟೋಕೆ ಮುಂಚೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಆಗ ಸೊಪ್ಪು ಮುಟ್ಟಲ್ಲ, ಅಲ್ಲಾಡಲ್ಲ. ರೈತ ಗಾಬರಿ ಆಗಲ್ಲ, ಕಾಯ್ತಾನೆ. ಒಳಗೆ ಬೆಳವಣಿಗೆ ನಡೀತಿದೆ ಅಂತ ಅವನಿಗೆ ಗೊತ್ತು. ಹುಳುವಿಗೆ ಇಷ್ಟು ತಾಳ್ಮೆ ಇದ್ದರೆ ಮಗುವಿಗೆ ಎಷ್ಟಿರಬೇಕು?

ಮಗುವಿನ ಯೋಚನೆಗೂ ಹಂತಗಳಿವೆ. ಸ್ವಿಟ್ಜರ್‌ಲ್ಯಾಂಡಿನ ಜೀನ್ ಪಿಯಾಜೆ ಎಂಬ ವಿದ್ವಾಂಸ ಇದನ್ನ ಸರಳವಾಗಿ ತೋರಿಸಿದರು. ಎರಡು ಲೋಟದಲ್ಲಿ ಸಮ ನೀರು ಇಡಿ. ಮಗುವಿನ ಕಣ್ಣೆದುರೇ ಒಂದರ ನೀರನ್ನ ಉದ್ದನೆಯ ತೆಳು ಲೋಟಕ್ಕೆ ಸುರಿಯಿರಿ. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ "ಇದರಲ್ಲೇ ಜಾಸ್ತಿ" ಅನ್ನುತ್ತೆ. ಏಳೆಂಟು ವರ್ಷಕ್ಕೆ ಅದೇ ಮಗು "ಎರಡೂ ಒಂದೇ" ಅನ್ನುತ್ತೆ. ಮೊದಲು ಅದು ದಡ್ಡ ಆಗಿರಲಿಲ್ಲ, ಆ ವಯಸ್ಸಿಗೆ ಲೋಕ ಹಾಗೇ ಕಾಣುತ್ತೆ. 1 ಕೊರಿಂಥ 13:11 ರಲ್ಲಿ ಪೌಲನೂ ಇದನ್ನೇ ಹೇಳ್ತಾನೆ: ಬಾಲಕನಾಗಿದ್ದಾಗ ಅವನ ಯೋಚನೆಯೂ ಬಾಲಕನದೇ ಆಗಿತ್ತು.

ಈಗ ಕಷ್ಟದ ವಿಷಯಕ್ಕೆ ಬರೋಣ. ತಾತನಿಗೋಸ್ಕರ ಮನೆಯವರೆಲ್ಲ ಉಪವಾಸ ಪ್ರಾರ್ಥನೆ ಮಾಡಿದ್ರಿ. ತಾತ ತೀರಿಕೊಂಡರು. ಐದು ವರ್ಷದ ಮಗು ಕೇಳುತ್ತೆ: "ಅಮ್ಮಾ, ಯೇಸಪ್ಪಗೆ ನಮ್ಮ ಪ್ರಾರ್ಥನೆ ಕೇಳಿಸಲಿಲ್ವಾ?" ನೀವೇನು ಹೇಳ್ತೀರಿ?

"ಹಾಗೆಲ್ಲ ಕೇಳಬಾರದು, ಪಾಪ" ಅಂದ್ರೆ ಮಗು ಬಾಯಿ ಮುಚ್ಚುತ್ತೆ. ಆದರೆ ಪ್ರಶ್ನೆ ಸಾಯಲ್ಲ. ಹದಿನೆಂಟು ವರ್ಷಕ್ಕೆ ಆ ಪ್ರಶ್ನೆ ಹಿಡ್ಕೊಂಡು ಅದು ಸಭೆಯಿಂದ ಹೊರಗೆ ಹೋಗಬಹುದು. "ನಮ್ಮ ವಿಶ್ವಾಸ ಕಮ್ಮಿ ಆಯ್ತು" ಅಂದ್ರೆ ಇನ್ನೂ ಅಪಾಯ. ಚಿಕ್ಕ ಮಗು ನಡೆದದ್ದಕ್ಕೆಲ್ಲ ತಾನೇ ಕಾರಣ ಅಂದ್ಕೊಳ್ಳುತ್ತೆ. "ನಾನು ಪ್ರಾರ್ಥನೇಲಿ ಕಣ್ಣು ಬಿಟ್ಟಿದ್ದಕ್ಕೇ ತಾತ ಹೋದ್ರು" ಅಂತ ಒಳಗೊಳಗೇ ನರಳುತ್ತೆ. ನಾವು "ಕರ್ತನಲ್ಲಿ ನಿದ್ರೆ ಹೋದರು" ಅಂತೀವಲ್ಲ, ಅದನ್ನ ಕೇಳಿದ ಮಗು ರಾತ್ರಿ ಮಲಗೋಕೇ ಹೆದರಬಹುದು.

ಹಾಗಾದ್ರೆ ಏನು ಹೇಳೋದು? ಎತ್ತಿ ಮಡಿಲಲ್ಲಿ ಕೂರಿಸ್ಕೊಳ್ಳಿ. "ತಾತನ ದೇಹ ಕೆಲಸ ನಿಲ್ಲಿಸಿತು ಕಂದಾ. ನಿನ್ನ ತಪ್ಪಿಂದ ಅಲ್ಲ. ಯೇಸಪ್ಪ ಕೇಳಿಸ್ಕೊಂಡರು. ಯಾಕೆ ಹೀಗಾಯ್ತು ಅಂತ ಅಮ್ಮಂಗೂ ಗೊತ್ತಿಲ್ಲ" ಅನ್ನಿ. ಲಾಜರನ ಸಮಾಧಿ ಹತ್ತಿರ ಯೇಸು ಅತ್ತರು. ನೀವೂ ಮಗುವಿನ ಜೊತೆ ಅಳಿ. ಎಳೇ ಸೊಪ್ಪು ಅಂದ್ರೆ ಇದೇ. ಪುನರುತ್ಥಾನದ ಪೂರ್ತಿ ಉಪದೇಶವನ್ನ ದೊಡ್ಡವನಾದ ಹಾಗೆ ಕೊಡೋಣ.

ದಿನಾ ಬೆಂಗಳೂರಿಗೆ ಟ್ರೈನಿನಲ್ಲಿ ಓಡಾಡೋ ಅಪ್ಪ ಅಮ್ಮಂದಿರೇ, ಸುಸ್ತಾಗಿ ಬರ್ತೀರಿ, ಗೊತ್ತು. ಮಗು ಕೈಗೆ ಮೊಬೈಲ್ ಕೊಟ್ರೆ ಮನೆ ಶಾಂತ. ಆದರೆ ನಮ್ಮ ಚನ್ನಪಟ್ಟಣದ ಮರದ ಗೊಂಬೆ ನೋಡಿ. ಅದು ತಾನಾಗಿ ಏನೂ ಮಾಡಲ್ಲ, ಕಥೆಯನ್ನ ಮಗುವೇ ಕಟ್ಟಬೇಕು. ಅಲ್ಲೇ ಯೋಚನೆ ಬೆಳೆಯೋದು. ಧರ್ಮೋಪದೇಶಕಾಂಡ 6:7 ಪ್ರಕಾರ ಮನೇಲಿ ಕೂತಾಗ, ದಾರೀಲಿ ನಡೆಯುವಾಗ ಮಕ್ಕಳ ಜೊತೆ ಮಾತಾಡಬೇಕು. ರಾತ್ರಿ ಊಟಕ್ಕೆ ಕೂತಾಗ ಕಾಲು ಗಂಟೆ ಸಾಕು. ಮಗು ಕೇಳಿದಾಗ ತಕ್ಷಣ ಉತ್ತರ ಹೇಳಬೇಡಿ, "ನಿಂಗೇನು ಅನ್ಸುತ್ತೆ?" ಅಂತ ತಿರುಗಿ ಕೇಳಿ.

ಮದುವೆ ಆಗದ ಯೌವನಸ್ಥರೇ, ಇದು ನಿಮಗೂ ಹೌದು. ಸಂಡೇ ಸ್ಕೂಲಲ್ಲಿ ಕಲಿಸೋರು ನೀವೇ. ಬಾಯಿಪಾಠ ಒಪ್ಪಿಸಿದ ಮಗುವಿಗೆ ಚಾಕ್ಲೇಟ್ ಕೊಡ್ತೀರಿ. ಪ್ರಶ್ನೆ ಕೇಳಿದ ಮಗುವಿಗೂ ಕೊಡಿ.

ಪ್ರಾರ್ಥಿಸೋಣ. ಕರ್ತನೇ, ಮಕ್ಕಳ ಮಾತನ್ನ ಕೇಳಿಸಿಕೊಳ್ಳೋ ಕಿವಿ ನಮಗೆ ಕೊಡು. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋ ದೀನತೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.