ಯಾರ ಗಡಿಯಾರ ಸರಿ?

ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈಗ ದಿನನಿತ್ಯ ಕೇಳಿಬರುವ ಪ್ರಶ್ನೆ: 'ಅಲ್ಲೀಗ ಎಷ್ಟು ಗಂಟೆ?' ಮಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ, ಮಗಳು ಲಂಡನ್ನಿನಲ್ಲಿ. ಫೋನು ಮಾಡುವ ಮುನ್ನ ನಾವು ಬೆರಳೆಣಿಸುತ್ತೇವೆ. ಈ ಎಣಿಕೆಯನ್ನು ಕಂಪ್ಯೂಟರಿಗೆ ವಹಿಸಿಕೊಡುವ ಪುಟ್ಟ ಸಾಧನಗಳಿವೆ. ಒಬ್ಬರು ಬರೆದಿಟ್ಟು ಹಲವರು ಬಳಸುವ ಇಂಥ ಸಿದ್ಧ ಲೆಕ್ಕಗಳಿಗೆ ಪ್ರೋಗ್ರಾಮ್ ಬರೆಯುವವರು 'ಲೈಬ್ರರಿ' ಎನ್ನುತ್ತಾರೆ. ಪೈಥಾನ್ ಭಾಷೆಯ 'ಪೈಟಿಜೆಡ್' ಅಂಥದೊಂದು.

ಅದರ ತತ್ತ್ವ ಸರಳ. ಕ್ಷಣ ಒಂದೇ, ಗಡಿಯಾರಗಳು ಹಲವು. ಕ್ಷಣವನ್ನು ಯು.ಟಿ.ಸಿ. ಎಂಬ ಜಾಗತಿಕ ಕಾಲಮಾನದಲ್ಲಿ ಕಾದಿಡಬೇಕು; ತೋರಿಸುವಾಗ ನೋಡುವವರ ಊರಿನ ಗಂಟೆಗೆ ತಿರುಗಿಸಬೇಕು. ಇಲ್ಲಿ ಯಾರ ಗಡಿಯಾರವೂ ತಪ್ಪಲ್ಲ. ಬಂದವರೊಡನೆ ಅವರ ಭಾಷೆಯಲ್ಲೇ ಮಾತನಾಡುವ ಸೌಜನ್ಯವಿದು. ಪರಭಾಷೆಯ ಊರಿನಲ್ಲಿ ಬಾಳುವ ನಮಗೆ ಅದರ ಬೆಲೆ ಗೊತ್ತು.

ಈ ಲೆಕ್ಕದಲ್ಲಿ ಊರಿನ ಹೆಸರಷ್ಟೇ ಸಾಲದು, ದಿನಾಂಕವೂ ಬೇಕು. ಪೈಟಿಜೆಡ್‌ನಲ್ಲಿ ಕೋಲ್ಕತಾ ಹೆಸರಿನ ಕಾಲವಲಯವನ್ನು ದಿನಾಂಕಕ್ಕೆ ನೇರವಾಗಿ ಅಂಟಿಸಿದರೆ, ಐದೂವರೆ ಗಂಟೆಯ ಬದಲು 5 ಗಂಟೆ 53 ನಿಮಿಷದ ಅಂತರ ಬಂದುಬಿಡುತ್ತದೆ. ಅದು ಸೂರ್ಯನನ್ನು ನೋಡಿ ಲೆಕ್ಕ ಹಾಕುತ್ತಿದ್ದ ಹಳೆಯ ಕಲ್ಕತ್ತೆಯ ಸಮಯ! ಆ ದಿನಕ್ಕೆ ಸಲ್ಲುವ ನಿಯಮವನ್ನು ಆರಿಸುವ ಬೇರೊಂದು ಕ್ರಮ ಅದರಲ್ಲೇ ಉಂಟು, ಅರಿಯದವರು ಎಡವುತ್ತಾರೆ.

ಮುಂಬಯಿಗೂ ತನ್ನದೇ ಸಮಯವಿತ್ತು. 1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದಾಗ, ಮುಂಬಯಿಯ ಗಡಿಯಾರ ಅದಕ್ಕಿಂತ 39 ನಿಮಿಷ ಹಿಂದಿತ್ತು. ಮುಳ್ಳು ಮುಂದಿಟ್ಟರೆ ಸಾಕು ಎಂದು ಆಳುವವರು ಬಗೆದರು. ಆದರೆ ಗಿರಣಿಯ ಬಾಗಿಲು ಹೊಸ ಗಡಿಯಾರದ ಅದೇ ಗಂಟೆಗೆ ತೆರೆದರೆ, ಕಾರ್ಮಿಕನು 39 ನಿಮಿಷ ಮೊದಲೇ ಎದ್ದು ಹೊರಡಬೇಕು. ಆ ತಿಂಗಳೇ ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ನಗರದಲ್ಲಿ ಹಳೆಯ ಸಮಯದ ಬಳಕೆ 1955ರವರೆಗೂ ಉಳಿದಿತ್ತು. ಅದನ್ನು ಬರಿಯ ಹಠವೆನ್ನಲಾದೀತೆ?

ಇಂದಿನ ಗಿರಣಿ ಬೇರೆ. ಸ್ಯಾನ್‌ಫ್ರಾನ್ಸಿಸ್ಕೋದವರು ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದರೆ ಬೇಸಿಗೆಯಲ್ಲಿ ನಮಗದು ರಾತ್ರಿ ಹತ್ತೂವರೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ನಮಗೆ ಹನ್ನೊಂದೂವರೆಯಾಗುತ್ತದೆ. ನಾವು ಮುಳ್ಳನ್ನು ಮುಟ್ಟಲಿಲ್ಲ, ಆದರೂ ನಮ್ಮ ನಿದ್ದೆಯಿಂದ ಒಂದು ಗಂಟೆ ಜಾರಿಹೋಯಿತು. ಲೈಬ್ರರಿಯ ಲೆಕ್ಕದಲ್ಲಿ ತಪ್ಪೇನಿಲ್ಲ. ಅದು ಸತ್ಯವನ್ನು ಹೇಳಿತು; ನ್ಯಾಯವನ್ನು ಹೇಳುವುದು ಅದರ ಕೆಲಸವಲ್ಲ.

'ಸಂಬಳ ಕೊಡುವವರ ಗಡಿಯಾರ ನಡೆಯುವುದು ಸಹಜ' ಎನ್ನುವವರುಂಟು. ಸಂಬಳ ಕೆಲಸಕ್ಕೆ ಸಲ್ಲುವುದು ನಿಜ. ಆದರೆ ಯಾರೋ ಒಬ್ಬರು ನಿದ್ದೆಗೆಡಲೇಬೇಕಾದಾಗ, ಪ್ರತಿಸಲವೂ ಅದೇ ಒಬ್ಬರು ಕೆಡಬೇಕೆ? ಒಂದು ವಾರ ಅವರು, ಒಂದು ವಾರ ನಾವು ಎಂದು ಸರದಿ ಇಟ್ಟುಕೊಂಡರೆ ಯಾವ ಕೆಲಸವೂ ನಿಲ್ಲದು. ಇನ್ನೊಬ್ಬರಿಗೆ ಎಷ್ಟು ಗಂಟೆ ಎಂದು ತಿಳಿದ ಮೇಲೂ ಅದನ್ನು ಲೆಕ್ಕಿಸದಿರುವುದು, ತಿಳಿಯದಿರುವುದಕ್ಕಿಂತ ದೊಡ್ಡ ತಪ್ಪು ಎಂದೇ ನಮ್ಮ ಭಾವನೆ.

ಇದನ್ನು ಪರರಿಗೆ ಬೋಧಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಸಂಜೆ ಆರಕ್ಕೆ ದೇವರ ಮುಂದೆ ದೀಪ ಹಚ್ಚಿ, ಮಗನಿಗೆ ಫೋನು ಮಾಡುವುದು ನಮಗೆ ಅನುಕೂಲ. ಬೇಸಿಗೆಯಲ್ಲಿ ಅಲ್ಲದು ನಸುಕಿನ ಐದೂವರೆ. 'ಪರವಾಗಿಲ್ಲ ಅಮ್ಮಾ, ಎಚ್ಚರವಾಗಿಯೇ ಇದ್ದೆ' ಎಂದು ಅವನು ಹೇಳುತ್ತಾನೆ. ದನಿಯಲ್ಲಿ ನಿದ್ದೆ ಇನ್ನೂ ಇರುತ್ತದೆ. ನಾವು ಅದನ್ನು ಕೇಳಿಸಿಕೊಳ್ಳುತ್ತೇವೆಯೆ?